ಬುಧವಾರದ ಹಡಗು

ಮುದುಕ ಬೇಕೆಂದೇ ಕಥೆ ಎಳೆಯುತ್ತಿದ್ದಾನೆ. ಚಂದ್ರಮೋಹನರಿಗೆ ಇವತ್ತು ಅನುಮಾನವೇ ಉಳಿಯಲಿಲ್ಲ.

ಹೋದ ಬುಧವಾರ ಹಡಗು ಓಕಿನಾವಾ ದ್ವೀಪ ಬಿಟ್ಟು ಹೊರಟಾಗಿತ್ತು. ಈ ಬುಧವಾರ ನೋಡಿದರೆ ಮತ್ತೆ ಅಲ್ಲೇ ಲಂಗರು ಹಾಕಿಕೊಂಡು ನಿಂತಿದೆ!

“ಆರ್ಥರ್, ಹಡಗು ಹೊರಟಿತ್ತಲ್ಲ?”

“ಹೌದಾ? ಹಾಗಾದರೆ ವಾಪಸ್ ಬಂತು,” ಎಂದ ಆರ್ಥರ್, ಸ್ವಲ್ಪವೂ ನಾಚದೆ. “ಮೊದಲು ತಟ್ಟೆಗೆ ಹಾಕಿಕೋ, ಚಂದ್ರ. ನೀನು ತಿನ್ನದೆ ನಾನು ತಿನ್ನುವುದಿಲ್ಲ. ತಿನ್ನದೆ ಕಥೆಯೂ ಇಲ್ಲ.”

ತೊಂಬತ್ತೊಂಬತ್ತು ವರ್ಷದ ಮುದುಕನ ಹಟ ಅಂದರೆ ಹೀಗೆ. ಹರೆಯದಲ್ಲಿ ಅಮೆರಿಕದ ನೌಕಾಪಡೆಯಲ್ಲಿದ್ದವನು, ಆಮೇಲೆ ಗಡಿಯಾಚೆಯ ಹ್ಯಾಮಿಲ್ಟನ್ನಿನ ಹುಡುಗಿಯನ್ನು ಮದುವೆಯಾಗಿ ಈ ಬರ್ಲಿಂಗ್ಟನ್ನಿನಲ್ಲಿ ನೆಲೆ ನಿಂತವನು. ಮಡದಿ ಹೋಗಿ ಎಷ್ಟೋ ಕಾಲವಾಗಿತ್ತು. ಮಂಡಿನೋವಿನಿಂದ ಹೊಸಿಲು ದಾಟುವುದೂ ನಿಂತಿತ್ತು.

ಅವನಿದ್ದದ್ದು ಸೈನಿಕರನ್ನು ಹೊತ್ತು ಶತ್ರುವಿನ ದಡಕ್ಕೆ ಇಳಿಸುವ ಹಡಗು. ಗುಂಡು ಹಾರಿಸುವುದಕ್ಕಿಂತ ಆಳು ಇಳಿಸುವುದೇ ಅದರ ಕೆಲಸ. ಬೆಳಕು ಹರಿಯುವ ಮುಂಚೆ ದ್ವೀಪದಾಚೆ ನಿಲ್ಲಬೇಕು, ಸಣ್ಣ ದೋಣಿಗಳನ್ನು ನೀರಿಗಿಳಿಸಬೇಕು, ಪಕ್ಕೆಗೆ ಹಗ್ಗದ ಬಲೆ ಇಳಿಬಿಡಬೇಕು. ಹುಡುಗರು ಬೆನ್ನ ಮೇಲೆ ಮೂಟೆ ಹೊತ್ತು ಅದನ್ನು ಹಿಡಿದು ಇಳಿಯುತ್ತಿದ್ದರು. ಅಂಥ ಒಂದು ದೋಣಿ ಆರ್ಥರನದು. ಮರಳು ತಾಗಿದೊಡನೆ ಮುಂದಿನ ಬಾಗಿಲು ಧಡ್ಡನೆ ಬೀಳುತ್ತಿತ್ತು, ಹುಡುಗರು ಓಡುತ್ತಿದ್ದರು. ಗಾಯಾಳುಗಳಿದ್ದರೆ ಹಾಕಿಕೊಂಡು ಇವನು ಹಡಗಿಗೆ ತಿರುಗುತ್ತಿದ್ದ.

“ಇಳಿಸಿದವನು ಉಳಿದನೋ ಇಲ್ಲವೋ, ತಿಳಿಯುತ್ತಲೇ ಇರಲಿಲ್ಲ,” ಎನ್ನುತ್ತಿದ್ದ ಆರ್ಥರ್. “ಈ ವಯಸ್ಸಿನಲ್ಲೂ ಅದೇ ಚಿಂತೆ ನನಗೆ.”

ಇದೆಲ್ಲ ಶುರುವಾದದ್ದು ಚಂದ್ರಮೋಹನರ ಹೆಂಡತಿ ಉಷಾ ತೀರಿಕೊಂಡ ಮೇಲೆ. ಮೆಡೋವೇಲ್‌ನ ತನ್ನ ಆಫೀಸಿನಿಂದ ಮಗಳು ಸಂಜನಾ ಫೋನ್ ಮಾಡಿದ್ದಳು. “ಅಪ್ಪ, ಸೀನಿಯರ್ಸ್ ವಿಸಿಟಿಂಗ್ ಪ್ರೋಗ್ರಾಂ ಅಂತ ಒಂದಿದೆ. ನಿಮ್ಮ ಹೆಸರು ಕೊಟ್ಟಿದೀನಿ. ನೇವಿಲಿದ್ದ ತಾತ ಒಬ್ರು, ಒಬ್ರೇ ಇರೋದು. ಬುಧವಾರ ಬುಧವಾರ ಹೋಗ್ಬನ್ನಿ, ಪ್ಲೀಸ್.”

ಚಂದ್ರಮೋಹನರು ಒಪ್ಪಿಕೊಂಡರು. ಕೊಡುವುದೆಂದರೆ ಒಂದು ಕೈ ಮೇಲೆ, ತೆಗೆದುಕೊಳ್ಳುವುದೆಂದರೆ ಮೈಯೆಲ್ಲ ಮುಳ್ಳು — ಅಂಥ ಜೀವ ಅದು. ಉಷಾ ಹೋದಾಗ ಕನ್ನಡ ಸಂಘದವರು ಊಟದ ಡಬ್ಬಿ ತಂದರೆ, “ನನಗೇನ್ರೀ ಆಗಿದೆ? ಗುಂಡುಕಲ್ಲಿನ ಹಾಗಿದೀನಿ,” ಎಂದು ಬಾಗಿಲಿನಿಂದಲೇ ಸಾಗಹಾಕಿದ್ದರು. ಗುಂಡುಕಲ್ಲಂತೆ! ಬ್ರೆಡ್ಡು, ಉಪ್ಪಿನಕಾಯಿ, ಇಲ್ಲದಿದ್ದರೆ ಅದೂ ಇಲ್ಲ. ಮನೆಯಲ್ಲಿ ಒಂದು ದನಿಯಿರಲಿ ಎಂದು ಟೀವಿ ಹಚ್ಚಿಟ್ಟು ಮಲಗುತ್ತಿದ್ದರು. ಒಂದು ಹೊಟ್ಟೆಗೋಸ್ಕರ ಯಾರು ಒಲೆ ಹಚ್ಚುತ್ತಾರೆ?

ಆದರೆ ಹಿರಿಯರ ಮನೆಗೆ ಬರಿಗೈಯಲ್ಲಿ ಹೋಗುವುದುಂಟೆ? ಉಷಾಳ ಸಾರಿನಪುಡಿ ಡಬ್ಬಿ ತೆರೆದರು. ಮೊದಲ ತಿಳಿಸಾರು ಸಮುದ್ರದಷ್ಟೇ ಉಪ್ಪಾಗಿತ್ತು. ಆರ್ಥರ್ ಎರಡು ಸಲ ಹಾಕಿಸಿಕೊಂಡ. ಮಾಡಿದ್ದನ್ನೇ ಮತ್ತೆ ಒಯ್ದರೆ ಚೆನ್ನಾಗಿರುವುದಿಲ್ಲವಲ್ಲ, ಸೋಮವಾರ ತರಕಾರಿಗೆ ಓಡಾಟ, ಮಂಗಳವಾರ ಪ್ರಯೋಗ. ಬುಧವಾರ ಮುದುಕನಿಗೆ ಕಂಪನಿ ಕೊಡಲೆಂದು ತಾವೂ ಹೊಟ್ಟೆ ತುಂಬ ಉಣ್ಣುತ್ತಿದ್ದರು.

ಹೊರಡುವಾಗ ಶೂ ಹಾಕಿಕೊಳ್ಳುತ್ತಿದ್ದರೆ ಒಳಗಿನಿಂದ ಆರ್ಥರ್ ಫೋನಿನಲ್ಲಿ ಮಾತಾಡುವುದು ಕೇಳುತ್ತಿತ್ತು. “ಊಟ ಚೆನ್ನಾಗಾಯಿತು. ಒಂದೆರಡು ಸಲ ನಗುವೂ ಬಂತು.” ಪಾಪ, ತನ್ನ ಊಟದ ವರದಿ ಯಾರೋ ನರ್ಸಿಗೆ ಒಪ್ಪಿಸುತ್ತಿದ್ದಾನೆ! ನಾನೂ ಬರದಿದ್ದರೆ ಇವನ ಗತಿಯೇನು ಅಂದುಕೊಳ್ಳುತ್ತ ಚಂದ್ರಮೋಹನರು ಬಸ್ಸಿಗೆ ನಿಲ್ಲುತ್ತಿದ್ದರು.

ಫೆಬ್ರವರಿಯಲ್ಲಿ ಆರ್ಥರ್ ಬಚ್ಚಲಲ್ಲಿ ಜಾರಿ ಬಿದ್ದ. ನರ್ಸಿಂಗ್ ಹೋಮಿಗೆ ಸಾಗಿಸಿದರು.

“ಅಪ್ಪ, ಪ್ರೋಗ್ರಾಂ ನೋಡ್ಕೊಳ್ಳೋ ಸುರಭಿ ಫೋನ್ ಮಾಡಿದ್ರು,” ಎಂದಳು ಸಂಜನಾ. “ಆರ್ಥರ್ ಕಂಟಿನ್ಯೂ ಮಾಡೋದು ಡೌಟಂತೆ. ಬೇರೆಯವರನ್ನ ಅರೇಂಜ್ ಮಾಡ್ತಾರಂತೆ.”

“ಬೇರೆಯವರು ಯಾಕೆ? ನಾನೇನು ಸತ್ತು ಹೋಗಿದೀನಾ?”

ಫೋನಿಟ್ಟ ಮೇಲೆ ಕ್ಯಾಲೆಂಡರಿನಲ್ಲಿ ಬುಧವಾರಗಳನ್ನು ಎಣಿಸಿದರು. ಮುದುಕನ ಬಗ್ಗೆ ಹೆದರಿಕೆ ಎಂದು ತಮಗೆ ತಾವೇ ಹೇಳಿಕೊಂಡರು. ಆದರೆ ಕಣ್ಣ ಮುಂದೆ ಬರುತ್ತಿದ್ದುದು ಬುಧವಾರವಿಲ್ಲದ ವಾರ.

ಬುಧವಾರ ಬಿಸಿಬೇಳೆಬಾತ್ ಕಟ್ಟಿಕೊಂಡು ನರ್ಸಿಂಗ್ ಹೋಮಿಗೆ ಹೋದರು. ಆರ್ಥರ್ ಹಾಸಿಗೆಯಲ್ಲಿ ಇದ್ದೂ ಇಲ್ಲದಂತಿದ್ದ. ಪಕ್ಕದಲ್ಲಿ ಕೊರಳಿಗೆ ಐಡಿ ಕಾರ್ಡ್ ಹಾಕಿದ ಹುಡುಗಿ. ಅವಳೇ ಸುರಭಿ, ಮೈಸೂರಿನವಳು.

“ಬಾ ಚಂದ್ರ, ಇವತ್ತು ಮುಗಿಸಿಬಿಡುತ್ತೇನೆ,” ಎಂದ ಆರ್ಥರ್. “ಯುದ್ಧ ನಿಂತಿತು. ಹಡಗಿಗೆ ಕೊನೆಯ ಕೆಲಸ ಬಂತು, ದ್ವೀಪದಲ್ಲಿದ್ದವರನ್ನು ಮನೆಗೆ ಕರೆತರುವುದು. ನಾನು ಇಳಿಸಿದ್ದ ಹುಡುಗರು ಒಬ್ಬೊಬ್ಬರೇ ಹತ್ತಿದರು. ಎಲ್ಲರೂ ಅಲ್ಲ. ಆದರೂ ಕೆಲವರ ಮುಖ ನೋಡಿದೆ. ಅಷ್ಟು ಸಾಕಾಯಿತು.” ಚಂದ್ರಮೋಹನರ ಕೈಯನ್ನೊಮ್ಮೆ ಒತ್ತಿ ನಿದ್ದೆಹೋದ.

ಚಂದ್ರಮೋಹನರಿಗೆ ತಡೆಯಲಾಗಲಿಲ್ಲ. ಸುರಭಿಯನ್ನು ಬಾಗಿಲಾಚೆ ಕರೆದರು. ಯಾರ ಮುಂದೆಯೂ ಬೇಡದವರು ಅವತ್ತು ಕೈ ಮುಗಿದೇಬಿಟ್ಟರು.

“ನೋಡಮ್ಮ, ದಿನಾ ಬೇಕಾದ್ರೂ ಬರ್ತೀನಿ. ನನ್ನ ಜಾಗಕ್ಕೆ ಬೇರೆ ವಾಲಂಟಿಯರ್ ಹಾಕ್ಬೇಡ. ಪಾಪ, ಅವನಿಗೆ ನನ್ನ ಬಿಟ್ರೆ ಯಾರೂ ಇಲ್ಲ.”

ಸುರಭಿ ಅವರ ಮುಖವನ್ನೇ ನೋಡಿದಳು.

“ಅಂಕಲ್... ವಾಲಂಟಿಯರ್ ನೀವಲ್ಲ, ಆರ್ಥರ್. ಈಗ ನೀವು ಬರೋಕ್ ಮುಂಚೆ ಅವರೂ ಇದನ್ನೇ ಹೇಳ್ತಿದ್ರು, ‘ಚಂದ್ರನಿಗೆ ಬೇರೆಯವರನ್ನ ಹಾಕ್ಬೇಡ, ಪಾಪ, ಅವನಿಗೆ ನನ್ನ ಬಿಟ್ರೆ ಯಾರೂ ಇಲ್ಲ’ ಅಂತ.”