ಎಳನೀರು ಬುರುಡೆಯಲ್ಲಿ ನೆಟ್ಟ ಮಲ್ಲಿಗೆ

ಅಜ್ಜಿಯ ಕೈಗುಣದಿಂದಲೇ ಅಮ್ಮನ ಮಲ್ಲಿಗೆ ಹೂ ಬಿಟ್ಟಿತೆಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಇವತ್ತು ಕುಂಡದ ಗಿಡ ಸವರುವಾಗ ಹಸಿ ಕಡ್ಡಿಯ ವಾಸನೆ ಮೂಗಿಗೆ ಬಡಿದು, ಕಡೂರಿನ ನಮ್ಮ ಹಿತ್ತಲಿನ ಆ ಮಧ್ಯಾಹ್ನ ಕಣ್ಣ ಮುಂದೆ ಬಂತು.

ಅಮ್ಮ ಚೌಳಹಿರಿಯೂರಿನ ತವರಿನಿಂದ ತಂದಿದ್ದ ಗಿಡ ಅದು. ಕೊಟ್ಟಿದ್ದ ಅವಳ ತಾಯಿ ಆಗಲೇ ತೀರಿಕೊಂಡಿದ್ದರು. ದಿನವೂ ನೀರೆರೆದರೂ ಗಿಡದ ತುಂಬ ಬರೀ ಎಲೆ. ಅಜ್ಜಿ ಕುಡುಗೋಲು ತಂದು ಮೊಣಕಾಲೆತ್ತರಕ್ಕೆ ಕತ್ತರಿಸತೊಡಗಿದಾಗ ಅಮ್ಮ ಓಡಿ ಬಂದು ಕೈ ಹಿಡಿದಳು.

"ಅತ್ತೆ, ಒಣಗೋದ್ರೆ ಇನ್ನೆಲ್ಲಿಂದ ತರ್ಲಿ? ಅಮ್ಮನೂ ಇಲ್ವಲ್ಲ!"

"ಲೇ, ನೀರು ಕುಡ್ದೂ ಕುಡ್ದೂ ಸೊಕ್ಕೈತೆ ಕಣೇ. ಒಂದಷ್ಟು ದಿನ ಬಾಯಾರ್ಲಿ. ಆಮೇಲೆ ಗೊಬ್ಬರ, ನೀರು ಕೊಡು, ಮೊಗ್ಗು ತಾನೇ ಬತ್ತದೆ. ನಾನಿಲ್ವಾ?"

ಅಮ್ಮ ಕಣ್ಣೊರೆಸಿಕೊಂಡು ಒಳಗೆ ಹೋದಳು. ಆಗ ಅಜ್ಜಿ ಗಟ್ಟಿ ಕಡ್ಡಿಗಳನ್ನು ಆರಿಸಿ, ಬುಡದ ಎಲೆ ಕಿತ್ತು, ಒದ್ದೆ ಮರಳು ತುಂಬಿದ ಎಳನೀರು ಬುರುಡೆಗಳಲ್ಲಿ ನೆಟ್ಟು, ಬಚ್ಚಲ ಗೋಡೆಯ ನೆರಳಿಗೆ ಸರಿಸಿದಳು. ಆಮೇಲೆ ನೋಡುತ್ತ ನಿಂತಿದ್ದ ನನ್ನತ್ತ ತಿರುಗಿದಳು.

"ನಿಮ್ಮಮ್ಮಂಗೆ ಹೇಳ್ಬೇಡ ಕಣೇ. ಅದೇನಾದ್ರೂ ಹೋಯ್ತು ಅಂದ್ರೆ ಇದಿರ್ಲಿ."

ತನ್ನ ಕೈಗುಣವನ್ನೇ ನಂಬಿದವಳು ಹೀಗೆ ಬುರುಡೆ ತುಂಬುತ್ತಾಳೆಯೇ?

ಬೇಸಿಗೆಗೆ ತಾಯಿಗಿಡ ಎಲೆ ಕಾಣದಷ್ಟು ಹೂ ಬಿಟ್ಟಿತು. ಅಮ್ಮ ಮುಡಿದ ಮೊದಲ ದಂಡೆ ನೋಡಿ ನೆರೆಯವರೆಲ್ಲ ಕೈಗುಣ ಎಂದರು. ಅಜ್ಜಿ ಸುಮ್ಮನೆ ನಕ್ಕಳು.

ಅಜ್ಜೀ, ಅವತ್ತು ನಿನಗೂ ಅಷ್ಟೇ ಹೆದರಿಕೆಯಾಗಿತ್ತೆಂದು ಅಮ್ಮನಿಗೆ ಯಾವತ್ತಾದರೂ ಹೇಳಿದೆಯಾ?