ಸೀಲ್ ಒಡೆಯದ ಡಬ್ಬ

ತಕ್ಕಡಿಯ ತಟ್ಟೆ ತಣ್ಣಗಿದೆಯೆಂದು ನರ್ಸ್ ಸಿಂಧೂತಾಯಿ ತಮ್ಮ ಶಾಲನ್ನೇ ಮಡಿಸಿ ಹಾಸಿ, ಮುಳ್ಳನ್ನು ಸೊನ್ನೆಗೆ ತಂದು, ಎಂಟು ತಿಂಗಳ ಮಗುವನ್ನು ಮಲಗಿಸಿದರು. ತಾಯಿ ಅಂಬುಜಾ ಮುಳ್ಳನ್ನೇ ನೋಡುತ್ತ ನಿಂತಳು. ಈ ತಿಂಗಳೂ ತೂಕ ಏರದಿದ್ದರೆ ನಾಗಪುರದ ದೊಡ್ಡ ಆಸ್ಪತ್ರೆಗೆ ಸೇರಿಸಬೇಕೆಂದು ಡಾಕ್ಟರು ಹೇಳಿದ್ದರು. ಹೋದ ತಿಂಗಳು ಆರೂವರೆ ಕಿಲೋಗೆ ನಿಂತಿದ್ದ ಮುಳ್ಳು ಇವತ್ತು ಏಳನ್ನು ದಾಟಿತು.

"ನೋಡಿದ್ಯಾ, ನಾನು ಹೇಳಿರಲಿಲ್ವಾ?" ಫ್ಯಾಕ್ಟರಿಯಿಂದ ನೇರವಾಗಿ ಬಂದಿದ್ದ ಗಂಡ ಹಿರಿಯಣ್ಣ ಬೀಗಿದ. "ಪಕ್ಕದ ಮನೆ ಟೀವೀಲಿ ತೋರಿಸಿದ್ರಲ್ಲ, ಡಬ್ಬದ ಪುಡೀಲಿ ಹನ್ನೆರಡು ವಿಟಮಿನ್ ಇದೆ ಅಂತ. ನಿಮ್ಮಮ್ಮ ಹೇಳಿಕೊಟ್ಟ ರಾಗಿ ಸರೀಲಿ ಏನಿದೆ, ಬರೀ ಬಣ್ಣ."

ಅಂಬುಜಾ ಚೀಲದಿಂದ ಡಬ್ಬವನ್ನು ತೆಗೆದು ಮೇಜಿನ ಮೇಲಿಟ್ಟಳು. ಅದರ ಸೀಲ್ ಹಾಗೇ ಇತ್ತು.

"ಹೋದ ತಿಂಗಳು ನೀವು ತಂದಿದ್ದು ಇದೇ ಕಣ್ರೀ. ಒಂದು ಚಮಚಾನೂ ಕೊಟ್ಟಿಲ್ಲ. ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಬಟ್ಟೇಲಿ ಜರಡಿ ಹಿಡಿದಿದೀನಿ. ನೀವು ಡ್ಯೂಟಿಗೆ ಹೋದ್ಮೇಲೆ ಇವನು ದಿನಾ ಕುಡಿದಿದ್ದು ಅದನ್ನೇ."

ಹಿರಿಯಣ್ಣನ ಮುಖ ನೋಡಬಾರದೆಂದು ಸಿಂಧೂತಾಯಿ ಕಾರ್ಡು ಬರೆಯುವ ನೆಪದಲ್ಲಿ ಆಚೆ ತಿರುಗಿಕೊಂಡರು. ಅವನು ಡಬ್ಬವನ್ನು ಸುತ್ತ ತಿರುಗಿಸಿ ನೋಡಿದ. ಆಮೇಲೆ ಮಗುವನ್ನು ಎತ್ತಿ ಭುಜಕ್ಕೆ ಹಾಕಿಕೊಂಡು ಮೆಲ್ಲಗೆ ಕೇಳಿದ:

"ಮನೇಲಿ ರಾಗಿ ಇನ್ನೂ ಇದೆಯೇನೇ? ಇಲ್ದಿದ್ರೆ ನಡಿ, ಹೋಗ್ತಾ ತಗೊಂಡೇ ಹೋಗೋಣ."