ಗಡ್ಡದಜ್ಜನ ನಿಯಮ

ಒಳಗಿನಿಂದ ಚಿಲಕ ಹಾಕಿಕೊಂಡ ಮೇಲೆಯೇ ಅವಳಿಗೆ ಉಸಿರು ಬಂದದ್ದು. ಬೀಗದ ಕೈಯನ್ನು ಬೆಳಿಗ್ಗೆಯೇ ತಮ್ಮನ ಅಂಗಿಯ ಜೇಬಿನಿಂದ ಎಗರಿಸಿದ್ದಳು.

ಈ ಕೋಣೆಗೆ ಬೀಗ ಬಿದ್ದು ವರ್ಷವಾಗುತ್ತ ಬಂದಿತ್ತು. ಮೇಜಿನ ಮೇಲೆ ಬೆರಳ ದಪ್ಪ ಧೂಳು, ಆ ಧೂಳಿನ ನಡುವೆ ಹಳೆಯ ಲಿನಕ್ಸ್ ಕಂಪ್ಯೂಟರ್. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲದ ಯಂತ್ರವನ್ನು ತಲೆ ಮೇಲೆ ಹೊತ್ತು ಕುಣಿಯಬೇಕೇ ಎಂಬುದು ತಮ್ಮನ ವಾದ. "ನಾಳೆ ನಾಲ್ಕು ಗಂಟೆಗೆ ಗುಜರಿಯವನು ಬರ್ತಾನೆ. ಅಷ್ಟರೊಳಗೆ ನೀನೇ ತೆರೆದು ತೋರ್ಸು, ನಾನು ಅದರ ತಂಟೆಗೇ ಬರಲ್ಲ" ಎಂದು ನಿನ್ನೆ ರಾತ್ರಿ ಊಟದ ಹೊತ್ತಿನಲ್ಲಿ ನಕ್ಕಿದ್ದ. ನಕ್ಕು, ಬೀಗದ ಕೈಯನ್ನು ಮಾತ್ರ ಜೇಬಿಗಿಳಿಸಿದ್ದ. ಆ ನಗುವಿಗೆ ಅವಳ ಮೈ ಉರಿದಿತ್ತು.

ಹತ್ತು ಪಾಸ್‌ವರ್ಡ್ ಹಾಕಿ ನೋಡಿದಳು. ಹತ್ತೂ ತಪ್ಪು. ಗಂಟೆ ಎರಡೂಕಾಲು.

ಕೊನೆಗೆ ಫೋನಿನಲ್ಲಿ ಲಿನಕ್ಸ್ ಬಳಕೆದಾರರ ವೇದಿಕೆಗೆ 'ಹೊಸಬಳು' ಎಂಬ ಹೆಸರಿನಲ್ಲಿ ಸೇರಿ, ಹೆಬ್ಬೆರಳಿನಿಂದ ಕುಟ್ಟಿದಳು: ಪಾಸ್‌ವರ್ಡ್ ಮರೆತಿದೆ, ಹೊಸದು ಹಾಕುವುದು ಹೇಗೆ?

ಉತ್ತರ ಕೊಟ್ಟವನು 'ಮೊಳೆ' ಎಂಬ ಹಳೆಯ ಸದಸ್ಯ. "ಯಾರ ಕಂಪ್ಯೂಟರ್? ಗಂಡಂದಾ, ಅಪ್ಪಂದಾ?"

"ನಂದೇ."

"ಎಲ್ಲರೂ ಹಾಗೇ ಅಂತಾರೆ ತಾಯಿ. ಗಡ್ಡದಜ್ಜನ ನಿಯಮ ಓದಿ."

ಗಡ್ಡದಜ್ಜ ಎಂಬ ಹೆಸರಿನಲ್ಲಿ ಬರೆದಿದ್ದ ನಿಯಮ ವೇದಿಕೆಯ ಮೊದಲ ಪುಟದಲ್ಲೇ ಇತ್ತು. ಪಾಸ್‌ವರ್ಡಿನ ಬೀಗ ಒಡೆಯುವ ಪಾಠ ಬೇಕಾದವರು ಯಂತ್ರದ ಪಕ್ಕದ ತಗಡು ಬಿಚ್ಚಿ, ಅಂದಿನ ತಾರೀಕನ್ನೂ ತಮ್ಮ ಹೆಸರನ್ನೂ ಕೈಯಲ್ಲೇ ಬರೆದ ಚೀಟಿಯನ್ನು ಒಳಗಿಟ್ಟು ಫೋಟೊ ಕಳಿಸಬೇಕು. ಕದ್ದ ಯಂತ್ರದ ಹೊಟ್ಟೆ ಬಿಚ್ಚುವಷ್ಟು ಪುರಸೊತ್ತು ಕಳ್ಳನಿಗೆ ಇರುವುದಿಲ್ಲ ಎಂಬ ಲೆಕ್ಕ.

"ನನಗೆ ಟೈಮಿಲ್ಲ" ಎಂದು ಬರೆದಳು.

"ಕಳ್ಳರಿಗೂ ಇರಲ್ಲ. ಅಜ್ಜ ಹೋದ ವರ್ಷದಿಂದ ಪತ್ತೆ ಇಲ್ಲ, ಇದ್ದಾರೋ ಹೋದರೋ ಗೊತ್ತಿಲ್ಲ. ಆದ್ರೆ ಅವರ ನಿಯಮಾನ ನಾನಂತೂ ಮುರಿಯಲ್ಲ."

ಒಂದು ಮಾತು ಅವಳ ಬೆರಳ ತುದಿಗೆ ಬಂತು. ಅರ್ಧ ಬರೆದು ಅಳಿಸಿದಳು. ಯಾರ ಕನಿಕರದಿಂದಲೂ ಬಾಗಿಲು ತೆಗೆಸಿಕೊಳ್ಳುವ ಪೈಕಿ ಅವಳಲ್ಲ.

ಯಂತ್ರವನ್ನು ನೆಲಕ್ಕಿಳಿಸಿ ಮೊಣಕಾಲುಗಳ ನಡುವೆ ಇಟ್ಟುಕೊಂಡಳು. ನಾಲ್ಕು ಸ್ಕ್ರೂ. ಒಂದೊಂದಕ್ಕೂ ಏಳೆಂಟು ನಿಮಿಷ ಹಿಡಿಯಿತು. ಎರಡು ಸಲ ಸ್ಕ್ರೂಡ್ರೈವರ್ ಜಾರಿ ಮಂಡಿಗೆ ತರಚಿತು. ನಾಲ್ಕನೆಯದು ಉರುಳಿ ಮೇಜಿನಡಿಗೆ ಹೋದಾಗ ಬಾಯಿಗೆ ಬಂದಂತೆ ಬೈದಳು. ಬೈದ ಮೇಲೆ ಮನಸ್ಸು ಹಗುರಾಯಿತು. ಚೀಟಿ ಜಾರದಂತೆ ಸ್ಟೇಪ್ಲರನ್ನು ಭಾರವಿಟ್ಟು ಬರೆದು, ಯಂತ್ರದೊಳಗಿಟ್ಟು ಫೋಟೊ ಕಳಿಸಿದಳು.

ಮೊಳೆಯ ಅನುಮಾನ ಹೋಗಲಿಲ್ಲ. "ಒಳಗಿನ ವೈರೆಲ್ಲ ಜಡೆ ಹೆಣೆದ ಹಾಗೆ ಕಟ್ಟಿದೆ. ಯಾರು ಕಟ್ಟಿದ್ದು?"

"ನಾನೇ."

"ಚೀಟಿ ಅಕ್ಷರ ನೋಡಿದ್ರೆ ಒಂದನೇ ಕ್ಲಾಸಿನ ಮಗು ಬರೆದ ಹಾಗಿದೆ. ಈ ಕೈಯಲ್ಲಿ ಅದನ್ನ ಕಟ್ಟಿದ್ರಾ?"

"ಈ ಕೈಯಲ್ಲಿ ಅಲ್ಲ. ನಿಮ್ಮ ನಿಯಮದಲ್ಲಿ ಅಕ್ಷರ ಮುದ್ದಾಗಿರಬೇಕು ಅಂತ ಎಲ್ಲಿದೆ?"

ಆಮೇಲೆ ಪಾಠ ಬಂತು, ಗಡ್ಡದಜ್ಜನದೇ. ಆರು ಸಾಲು. ಒಂದು ಕೈಯಿಂದ ಶಿಫ್ಟ್ ಒತ್ತಿ ಹಿಡಿದುಕೊಂಡೇ, ಇನ್ನೊಂದು ಕೈಯಿಂದ ಯಂತ್ರ ಚಾಲೂ ಮಾಡಿ ಎಂಬುದು ಮೊದಲನೆಯದು.

ಅವಳ ಬಲಗೈ ಮಡಿಲಲ್ಲೇ ಬಿದ್ದಿತ್ತು. ನೆಲದ ಮೇಲಿದ್ದ ಯಂತ್ರದ ಗುಂಡಿ ಒತ್ತಿ, ಎದ್ದು, ಮೇಜಿನ ಮೇಲಿದ್ದ ಕೀಬೋರ್ಡಿಗೆ ಕೈ ಚಾಚುವಷ್ಟರಲ್ಲಿ ಪರದೆ ಮತ್ತೆ ಪಾಸ್‌ವರ್ಡ್ ಕೇಳುತ್ತಿತ್ತು. ಎರಡು ಸಲ ಹೀಗೇ ಆಯಿತು. ಮೂರನೆಯ ಸಲ ಸ್ಟೇಪ್ಲರನ್ನು ಶಿಫ್ಟ್ ಮೇಲೆ ನಿಲ್ಲಿಸಿದಳು. ದುರಸ್ತಿಯ ಕಪ್ಪು ಪರದೆ ತೆರೆದುಕೊಂಡಿತು.

ಹೊಸ ಪಾಸ್‌ವರ್ಡ್ ಹಾಕಿದರೆ ಯಂತ್ರ ಒಪ್ಪಲಿಲ್ಲ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು.

"ಅಕ್ಕ, ಬಾಗಿಲು ತೆಗಿ. ಗುಜರಿಯವರು ಬಂದಿದ್ದಾರೆ."

"ನಾಲ್ಕು ಅಂತ ನೀನೇ ಅಂದಿದ್ದೆ. ಇನ್ನೂ ಎಂಟು ನಿಮಿಷ ಇದೆ."

"ಯಾಕೆ ಹಟ ಮಾಡ್ತೀಯ? ಅದು ನಿನ್ನ ಕೈಲಿ ಆಗೋ ಕೆಲ್ಸ ಅಲ್ಲ."

ಅವಳು ಮೊಳೆಗೆ ಪರದೆಯ ಫೋಟೊ ಕಳಿಸಿದಳು. "ಮೂರನೇ ಸಾಲು ಬಿಟ್ಟಿದ್ದೀರಿ" ಎಂದ ಅವನು. "ಡಿಸ್ಕ್ ಈಗ ಓದೋಕೆ ಮಾತ್ರ ತೆರೆದಿದೆ. ಬರೆಯೋಕೂ ತೆರೀರಿ, ಆಮೇಲೆ ಹಾಕಿ. ಎಲ್ಲರೂ ಅದನ್ನೇ ಬಿಡ್ತಾರೆ ಅಂತ ಅಜ್ಜ ಕೆಳಗೇ ಬರೆದಿದ್ದಾರೆ ನೋಡಿ."

ಬರೆದಿತ್ತು. ಅವಳಿಗೆ ನಗು ಬಂತು. ಮೂರನೇ ಸಾಲನ್ನು ಒಂದೊಂದೇ ಅಕ್ಷರ ಹುಡುಕಿ ಕುಟ್ಟಿದಳು. ಈ ಸಲ ಯಂತ್ರ ತಕರಾರಿಲ್ಲದೆ ಒಪ್ಪಿಕೊಂಡಿತು.

ನಾಲ್ಕಕ್ಕೆ ಒಂದು ನಿಮಿಷ ಇರುವಾಗ ಚಿಲಕ ತೆಗೆದಳು. ತಮ್ಮ ಬೆಳಗುತ್ತಿದ್ದ ಪರದೆಯನ್ನು ನೋಡಿದ, ಬಿಚ್ಚಿದ ತಗಡನ್ನು ನೋಡಿದ, ಪಾಸ್‌ವರ್ಡನ್ನೂ ಮರೆಸಿಹಾಕಿದ್ದ ಹೋದ ವರ್ಷದ ಲಕ್ವಕ್ಕೆ ಜೋತುಬಿದ್ದಿದ್ದ ಅವಳ ಬಲಗೈಯನ್ನು ನೋಡಿದ.

"ಯಾರು ತೆರೆದುಕೊಟ್ರು?"

"ಯಾರೂ ಇಲ್ಲ. ಅವರಿಗೆ ಒಂದು ಲೋಟ ನೀರು ಕೊಟ್ಟು ಕಳಿಸು" ಎಂದು ಗುಜರಿಯವನ ಕಡೆ ತೋರಿಸಿ, ಹಿಂದಿರುಗಿ ಕೂತಳು. ಬ್ರೌಸರ್ ತೆರೆದಳು. ಕಳೆದ ವರ್ಷ ಮುಚ್ಚದೆ ಬಿಟ್ಟಿದ್ದ ವೇದಿಕೆಯ ಪುಟ ಅವಳ ಹಳೆಯ ಹೆಸರಿನಲ್ಲೇ ತೆರೆದುಕೊಂಡಿತು. ಬೀಗದ ಪಾಠಕ್ಕೆ ಹೋಗಿ ಏಳನೆಯ ಸಾಲೊಂದನ್ನು ಸೇರಿಸಿದಳು: "ಒಂದೇ ಕೈ ಇರುವವರು ಶಿಫ್ಟ್ ಮೇಲೆ ಸ್ಟೇಪ್ಲರ್ ನಿಲ್ಲಿಸಿ."

ಅರೆ ನಿಮಿಷದಲ್ಲಿ ಮೊಳೆಯ ಸಂದೇಶ ಬಂತು. "ಅಜ್ಜಾ, ಬದುಕಿದ್ದೀರಾ? ಎಲ್ಲಿಗೆ ಹೋಗಿದ್ರಿ? ಇವತ್ತು ಒಬ್ಬಳು ಎಷ್ಟು ಜಗಳ ಆಡಿದ್ರೂ ನಿಮ್ಮ ನಿಯಮ ಬಿಟ್ಟುಕೊಡಲಿಲ್ಲ ನಾನು."

"ಗೊತ್ತು ಕಣಪ್ಪ" ಎಂದು ಗಡ್ಡದಜ್ಜ ಎಡಗೈಯಲ್ಲಿ ಬರೆದಳು. "ಆ ನಾಲ್ಕು ಸ್ಕ್ರೂ ಬಿಚ್ಚಿದ್ದು ನಾನೇ."